ದೊಡ್ಡಪ್ಪನ ಮಂಡಿಯೂ ದೊಡ್ಡವ್ವನ ಕೈಯೂ

ನಮ್ಮ ದೊಡ್ಡಪ್ಪನಷ್ಟು ಆರೋಗ್ಯವಂತ ರೋಗಿ ಹುಣಸೂರು ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ! ಕೀಲುವಾತ ದೊಡ್ಡವ್ವನಿಗೆ, ಮಂಡಿಗೆ ಸೊಪ್ಪು ಕಟ್ಟಿಕೊಂಡು ಊರು ತಿರುಗುತ್ತಿದ್ದವರು ದೊಡ್ಡಪ್ಪ.

ದೊಡ್ಡವ್ವನಿಗೆ ವಯಸ್ಸೇನೂ ಆಗಿರಲಿಲ್ಲ. ಆಗಲೇ ಬೆರಳಿನ ಗೆಣ್ಣುಗಳು ಊದಿ, ಮುದ್ದೆ ಕಟ್ಟುವುದಿರಲಿ, ಸೆರಗು ಸಿಕ್ಕಿಸಿಕೊಳ್ಳಲೂ ಆಗದಂತಾಗಿತ್ತು. ಮೈಸೂರಿನ ಡಾಕ್ಟರು ಮಾತ್ರೆ ಕೊಟ್ಟು, "ಇದು ಮುಪ್ಪಿನ ವಾತ ಅಲ್ಲ. ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬಿದ್ದಿದೆ" ಎಂದರಂತೆ. ಮಾತ್ರೆಯಿಂದ ನೋವು ಒಂದಿಷ್ಟು ತಗ್ಗಿತು. ಬೆರಳು ಸೊಟ್ಟಗಾಗುವುದು ನಿಲ್ಲಲಿಲ್ಲ. ಇದಕ್ಕೊಂದು ಸೊಪ್ಪು ಎಲ್ಲಾದರೂ ಇದ್ದೇ ಇರಬೇಕು ಎಂದು ದೊಡ್ಡಪ್ಪ ಹಟ ಹಿಡಿದರು. ಆದರೆ ಅವರದೊಂದು ಕಟ್ಟಳೆ. ತಮ್ಮ ಮಂಡಿಗೆ ಕಟ್ಟಿ ನೋಡದ ಯಾವ ಮದ್ದನ್ನೂ ಹೆಂಡತಿಯ ಕೈಗೆ ಮುಟ್ಟಿಸುವಂತಿಲ್ಲ!

"ನಿಂಗೆ ನೋವೇ ಇಲ್ವಲ್ಲಣ್ಣ, ವಾಸಿಯಾದ್ರೆ ಎಂಗೆ ಗೊತ್ತಾಯ್ತದೆ?" ಎಂದು ನಮ್ಮಪ್ಪ ಕೇಳಿದರೆ, "ವಾಸಿಯಾಗೋದು ಗೊತ್ತಾಗ್ದಿದ್ರೂ ಚಿಂತಿಲ್ಲ ಕಣ್ಲಾ, ಕೆಡೋದು ಗೊತ್ತಾದ್ರೆ ಸಾಕು" ಅನ್ನುತ್ತಿದ್ದರು.

ಮಂಡಿಯ ಪರೀಕ್ಷೆಯಲ್ಲಿ ವಾತಕ್ಕೆ ಕಟ್ಟುವ ಲಕ್ಕಿ ಸೊಪ್ಪು ಪಾಸಾಯಿತು. ವರ್ಷವಿಡೀ ಸಿಗಲಿ ಎಂದು ಅದನ್ನು ತಾವು ಬೆಳೆದ ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಲ್ಲೇ ತೂಗುಹಾಕಿ ಒಣಗಿಸಿದರು. ಹೊಗೆಸೊಪ್ಪೆಲ್ಲ ಕಷಾಯದ ವಾಸನೆ! ಕೊಳ್ಳಲು ಬಂದವನು ಮೂಗು ಮುಚ್ಚಿಕೊಂಡರೆ ದೊಡ್ಡಪ್ಪ ಗಂಭೀರವಾಗಿ, "ತಗಳ್ಳಿ ಸ್ವಾಮಿ, ಸೇದ್ದೋರ ಮಂಡಿನೋವೂ ಓಯ್ತದೆ" ಎಂದರು. ಅವನು ತೆಗೆದುಕೊಳ್ಳದೆ ಹೋದ.

ಲಕ್ಕಿ ಸೊಪ್ಪನ್ನು ಹರಳೆಣ್ಣೆಯಲ್ಲಿ ಬಿಸಿಮಾಡಿ, ದಿನಾ ಸಂಜೆ ದೊಡ್ಡವ್ವನ ಕೈಗೆ ಬೆಚ್ಚಗೆ ಕಟ್ಟುತ್ತಿದ್ದರು. ಬೆರಳು ಮಾತ್ರ ನೆಟ್ಟಗಾಗಲಿಲ್ಲ.

ಕಡೆಗೆ ಕೋಟೆ ಕಡೆಯ ಕಾಡಿನಿಂದ ಚಿತ್ರಮೂಲದ ಬೇರು ತಂದು, ಅರೆದು, ಮಂಡಿಗೆ ಬಳಿದುಕೊಂಡರು. ಬೆಂಕಿ ಸುಟ್ಟ ಹಾಗೆ ಬೊಬ್ಬೆಗಳೆದ್ದವು! ಜಗಲಿಯ ಮೇಲೆ ಕಾಲು ಚಾಚಿ ನರಳುತ್ತಿದ್ದ ಗಂಡನ ಬಳಿಗೆ ದೊಡ್ಡವ್ವ ಬೆಣ್ಣೆಯ ಬಟ್ಟಲನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ತಂದರು. ಮಡಿಸಲಾಗದ ಬೆರಳಿನಿಂದಲೇ ಮೆಲ್ಲಗೆ ಸವರತೊಡಗಿದರು.

"ಇದ ನಿನ್ ಕೈಗೆ ಆಕಿದ್ರೆ..." ಎಂದು ದೊಡ್ಡಪ್ಪ ಆ ಸೊಟ್ಟ ಬೆರಳುಗಳನ್ನೇ ನೋಡಿದರು. "ಇನ್ ಸಾಕು ಕಣೆ. ಯಾವ ಸೊಪ್ಪೂ ಬ್ಯಾಡ. ನಿನ್ ಬೆರಳ ನೆಟ್ಟಗೆ ಮಾಡಾಕೆ ನನ್ ಕೈಲಿ ಆಗ್ನಿಲ್ಲ."

ದೊಡ್ಡವ್ವ ಬೆಣ್ಣೆ ಸವರುತ್ತಲೇ ಹೇಳಿದರು. "ಬೆರಳು ನೆಟ್ಟಗಾಗಾಕಿಲ್ಲ ಅಂತ ಡಾಕ್ಟ್ರು ಏಳ್ದಾಗ್ಲೇ ನಂಗೆ ಗೊತ್ತಿತ್ತು. ಆದ್ರೂ ಸೊಪ್ಪು ಕಟ್ಟೋದ ಬುಡ್ಬ್ಯಾಡಿ. ನೀವು ಕೈ ಇಡ್ಕೊಂಡಿರೋ ಒತ್ನಲ್ಲಿ ನಂಗೆ ನೋವಿನ ಗ್ಯಾನನೇ ಇರಾಕಿಲ್ಲ ಕಣ್ರೀ."

ದೊಡ್ಡಪ್ಪ ಅಳುತ್ತಲೇ ಎದ್ದು, ಕಂಬ ಹಿಡಿದುಕೊಂಡು ಒಳಗೆ ಹೋಗಿ, ಎಣ್ಣೆ ಕಾಯಲು ಇಟ್ಟರು.