ಅಕ್ಕನ ಏಳು ಚೀಲ

ನಮ್ಮಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಮೂರು ವರ್ಷ ಹೇಳಲಿಲ್ಲ. ಆ ಒಂದನ್ನು ಬಿಟ್ಟು ಅವಳ ಬಗ್ಗೆ ಉಳಿದದ್ದನ್ನೆಲ್ಲ ಊರಿಗೇ ಹೇಳಿ ನಗಿಸಿದ್ದೇನೆ. ಅದರಲ್ಲಿ ನಾನು ಜಿಪುಣನಲ್ಲ!

ಅಕ್ಕ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟಳೆಂದರೆ ಗಂಡನೂರು ತಂಬೂರಿನಲ್ಲಿ ಅವಳ ಮನೆ ಉಳಿದಿರುತ್ತದೆ, ಮನೆಯೊಳಗೆ ಏನೂ ಉಳಿದಿರುವುದಿಲ್ಲ. ಪಂಚಮಿಗೆ ಅಕ್ಕನನ್ನು ಕರೆತರುವುದು ತಮ್ಮನ ಕೆಲಸ ತಾನೇ? ಬೇರೆ ತಮ್ಮಂದಿರು ಅಕ್ಕನನ್ನು ಕರೆತರುತ್ತಾರೆ. ನಾನು ಸಾಮಾನು ಸಾಗಿಸುತ್ತೇನೆ. ತಂಬೂರಿನಿಂದ ಕಲಘಟಗಿಗೆ ಒಂದು ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ಇನ್ನೊಂದು, ಆಮೇಲೆ ನಮ್ಮ ಗುಡಗೇರಿಗೆ ರೈಲು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದಿ ನೌಕರಿ ಹಿಡಿದಿದ್ದರೆ 'ರಜೆ ಇಲ್ಲ' ಅನ್ನುವ ನೆಪವಾದರೂ ಸಿಗುತ್ತಿತ್ತು!

ಏಳು ಚೀಲಗಳಲ್ಲಿ ಏನಿರುತ್ತದೆ ಅಂತೀರಿ? ಒಂದರಲ್ಲಿ ಊಟಕ್ಕೆ ಕೂಡುವ ಮಣೆ. ಅದರ ಮೇಲೆ ಕೂತರೆ ಮಾತ್ರ ಮಗಳ ಬಾಯಿಗೆ ತುತ್ತು ಇಳಿಯುತ್ತದಂತೆ. ರೈಲಿನಲ್ಲಿ ಮಣೆ ಕಂಡ ಮುದುಕರೊಬ್ಬರು ಕೇಳಿದರು, "ಯವ್ವಾ, ಯಾರ ಮದುವಿ ಐತಿ?"

"ಮದುವಿ ಅಲ್ರಿ ಅಜ್ಜಾರ, ಊಟ," ಅಂದೆ ನಾನು.

ಇನ್ನೊಂದರಲ್ಲಿ, ಡಬ್ಬಿ ತುಂಬ ಅಂಗಳದ ಮಣ್ಣು!

"ಹೊಸ ಜಾಗಾದಾಗ ಕೂಸಿಗೆ ನಿದ್ದಿ ಹತ್ತಂಗಿಲ್ಲೋ. ಬಾಜು ಇದನ್ನ ಇಟ್ರ ಮನಿ ಅಂತ ತಿಳಿತೈತಿ," ಅಂದಳು ಅಕ್ಕ.

"ಹಂಗಾರ ಆಕಳಾನೂ ಹೊಡಕೊಂಡು ಹೋಗೂಣು. ಅದರ ದನಿ ಕೇಳಿದ್ರ ಅಗದಿ ಮನಿ ಅಂತನ ತಿಳಿತೈತಿ."

ಅಕ್ಕ ಹಿತ್ತಲ ಕಡೆ ಒಮ್ಮೆ ನೋಡಿದಳು. ವಿಚಾರ ಮಾಡಿದಳು ರೀ, ದೇವರಾಣೆ!

ಮಾವ, ಅಂದರೆ ಅಕ್ಕನ ಗಂಡ, ಕಟ್ಟೆಯ ಮೇಲೆ ಕೂತು ಕೂಗುತ್ತಾನೆ: "ಬಾಗಲಾನೂ ಕಿತ್ತ ಕೊಡ್ಲೇನು? ಕಳ್ಳ ಬಂದ್ರೂ ಒಳಗ ಏನೂ ಉಳದಿಲ್ಲ!"

ಇವೆಲ್ಲಕ್ಕೂ ಮಿಗಿಲು ಅವಳ ಎಣಿಕೆ. ರಾಶಿ ಅಳೆಯುವಾಗ ಮೊದಲ ಅಳತೆಗೆ 'ಒಂದು' ಅನ್ನದೆ 'ಲಾಭ' ಅನ್ನುವುದು ನಮ್ಮ ಕಡೆಯ ರೂಢಿ. ಅಕ್ಕ ಚೀಲಗಳನ್ನೂ ಹಾಗೇ ಎಣಿಸುತ್ತಾಳೆ. ಹೊಸ್ತಿಲಲ್ಲಿ, ಬಸ್ಸು ಹತ್ತುವಾಗ, ಹತ್ತಿದ ಮೇಲೆ, ಇಳಿಯುವ ಮೊದಲು, ಇಳಿದ ಮೇಲೆ, "ಲಾಭ, ಎರಡು, ಮೂರು..." ಕಂಡಕ್ಟರ್ ಕೈಮುಗಿದ: "ಅಕ್ಕಾರ, ನಿಮ್ಮ ರಾಶಿ ಮುಗದಿದ್ರ ಸೀಟಿ ಹೊಡೀಲೇನ್ರಿ?"

ಗುಡಗೇರಿಯಲ್ಲಿ ನಾನು ತಲೆಗೆ ಟವೆಲ್ಲು ಹೊದ್ದು, ಅವಳ ಹಾಗೇ ಬೆರಳು ಚಾಚಿ ಎಣಿಸಿ ತೋರಿಸಿದರೆ ಅವ್ವ ಹೊಟ್ಟೆ ಹಿಡಿದು ನಗುತ್ತಾಳೆ. ಪಾಪ, ಅಕ್ಕನೂ ನಗುತ್ತಾಳೆ.

ಮೊದಲು ಅಕ್ಕ ಹೀಗೆ ಎಣಿಸುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಇದೇ ಪಂಚಮಿಗೆ ಹೊರಟಿದ್ದೆವು. ಚೀಲ ನೋಡಿಯೇ ನನ್ನ ಹೆಗಲು ಅಳತೊಡಗಿತು. ವರ್ಷದ ಮಗನ ತಲೆಗೆ ಅಕ್ಕ ಕುಂಚಿಗಿ ಕಟ್ಟುತ್ತಿದ್ದಳು. ದೊಡ್ಡ ಚೀಲ ಮುಚ್ಚಿಡಲು ಧೈರ್ಯ ಸಾಲದೆ, ಇದರಲ್ಲೂ ಮಣ್ಣೇ ಇರಬೇಕು ಅಂದುಕೊಂಡು, ಸಣ್ಣದೊಂದು ಕೆಂಪು ಚೀಲವನ್ನು ಪಡಸಾಲೆಯ ಜೋಳದ ಚೀಲದ ಹಿಂದೆ ಸರಿಸಿಬಿಟ್ಟೆ.

ಕಲಘಟಗಿ ದಾಟಿ ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕೂಸಿನ ಮೈ ಕೆಂಡದ ಹಾಗೆ ಸುಡತೊಡಗಿತು. ಜ್ವರ ಏರಿದರೆ ಫಿಟ್ಸ್ ಬರುವ ಕೂಸು. ಅದಕ್ಕೆಂದೇ ಡಾಕ್ಟರು ಕೊಟ್ಟ ಔಷಧ ಇದ್ದದ್ದು ಕೆಂಪು ಚೀಲದಲ್ಲಿ. ಅಕ್ಕ ಆರೂ ಚೀಲಗಳನ್ನು ರಸ್ತೆಯ ಮೇಲೆ ಸುರುವಿದಳು. ಮಣೆ ಬಿತ್ತು, ಕೌದಿ ಬಿತ್ತು, ಮಣ್ಣಿನ ಡಬ್ಬಿ ಉರುಳಿತು.

"ಮರತ ಬಂದೆನಲ್ಲೋ ತಮ್ಮಾ! ನಾ ಎಂಥಾ ತಾಯಿನೋ!"

ನಾನು ಬಗ್ಗಿ ಉರುಳಿದ ಡಬ್ಬಿಯನ್ನು ಎತ್ತತೊಡಗಿದೆ. ಯಾರೋ ಪುಣ್ಯಾತ್ಮ ಬೈಕಿನಲ್ಲಿ ತಾಯಿ-ಮಗುವನ್ನು ಹುಬ್ಬಳ್ಳಿಯ ದವಾಖಾನೆಗೆ ಮುಟ್ಟಿಸಿದ. ಕೂಸು ಉಳಿಯಿತು. ಹಬ್ಬ ಮುಗಿಸಿ ತಂಬೂರಿಗೆ ಮರಳಿದ ಅಕ್ಕ ಫೋನ್ ಮಾಡಿದಳು: "ಚೀಲಾ ಸಿಕ್ತೋ. ಜ್ವಾಳದ ಚೀಲದ ಹಿಂದ. ನಾನ ಇಟ್ಟು ಮರತೇನಿ, ನೋಡು ನನ್ನ ಬುದ್ಧಿ!" ನಾನು "ಹೂಂ" ಅಂದೆ. ಆ ಮುಂದಿನ ಪ್ರಯಾಣದಿಂದಲೇ ಶುರುವಾಯಿತು ಅವಳ ಲಾಭ, ಎರಡು, ಮೂರು. ಅದನ್ನೇ ಅಣಕಿಸಿ ಊರನ್ನು ನಗಿಸಿದವನು ನಾನು!

ಈ ವರ್ಷ ಮತ್ತೆ ಕರೆಯಲು ಹೋದೆ. ಅದೇ ಪಡಸಾಲೆ, ಅದೇ ಮೂಲೆಯಲ್ಲಿ ಜೋಳ. ಅಕ್ಕ ಕೆಂಪು ಚೀಲವನ್ನು ತಂದು ನನ್ನ ಕೊರಳಿಗೇ ಹಾಕಿದಳು.

"ಇದೊಂದು ನಿನ್ನ ಕಡೆ ಇರಲಿ ತಮ್ಮಾ. ನನ್ನ ಮ್ಯಾಲ ನನಗ ನಂಬಿಗಿ ಇಲ್ಲ."

ಹೇಳಿ, ಹೊಸ್ತಿಲಲ್ಲಿ ನಿಂತು ಬೆರಳು ಚಾಚಿದಳು. "ಲಾಭ, ಎರಡು, ಮೂರು..."

"ಅಕ್ಕಾ, ಎಣಸೂದ ಬಿಡು. ಅವತ್ತ ನೀ ಮರತಿರಲಿಲ್ಲ. ಹೊರಾಕ ಬ್ಯಾಸರಾಗಿ ಇದನ್ನ ನಾನ ಅಲ್ಲಿ ಮುಚ್ಚಿಟ್ಟಿದ್ದೆ."

ಕಟ್ಟೆಯ ಮೇಲೆ ನಗುತ್ತಿದ್ದ ಮಾವ ಎದ್ದು ನಿಂತ. ಅಕ್ಕನ ಬೆರಳು ನಾಲ್ಕನೆಯ ಚೀಲದ ಮೇಲೆಯೇ ನಿಂತಿತ್ತು.

"ನೀ ಚೊಲೊ ತಾಯಿ ಅಕ್ಕಾ. ತಪ್ಪು ನಂದು. ತಪ್ಪಾತು."