ಮುಳ್ಳು ಹಿಂತಿರುಗಿಸುವ ಕೌಂಟರು

ಪುಂತಾ ಗವಿಯೋತಾ ನಗರಸಭೆಯ ವ್ಯಾಪ್ತಿಯಲ್ಲಿ ರೊಸೆಟಾ ಎಂಬ ಮುಳ್ಳುಕಳೆ ಇರುವುದಿಲ್ಲ. ಹಾಗೆಂದು ಠರಾವಾಗಿದೆ. ಉರುಗ್ವೆಯ ಈ ಕಡಲೂರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನನ್ನ ಅಂಗಾಲಿಗೆ ಬೇರೆ ಅಭಿಪ್ರಾಯವಿದೆ. ಆದರೆ ಅಂಗಾಲಿಗೆ ಮತದಾನದ ಹಕ್ಕಿಲ್ಲ.

ಕಡಲದಂಡೆಯ ಹುಲ್ಲುಹಾಸಿನಾಚೆ ಮಿರ್ತಮ್ಮನ ಗಾಡಿ. ಕರಿದ ಸಿಹಿ ಚುರೋ ಮಾರುತ್ತಾಳೆ. ಮರಳಿನಿಂದ ಬರಿಗಾಲಲ್ಲಿ ಬರುವವರೇ ಗಿರಾಕಿಗಳು. ಚಳಿಗಾಲದಲ್ಲಿ ನೆಲಕ್ಕಂಟಿ ಬೆಳೆಯುವ ರೊಸೆಟಾ ಬೇಸಿಗೆಯ ಹೊತ್ತಿಗೆ ಮುಳ್ಳುಬೀಜ ಬಿಟ್ಟರೆ ಒಬ್ಬರೂ ಹುಲ್ಲು ದಾಟುವುದಿಲ್ಲ. ಗಿರಾಕಿಯಿಲ್ಲದ ಗಾಡಿಯ ಪರವಾನಗಿ ಬೇಸಿಗೆ ಮುಗಿಯುವ ಮಾರ್ಚ್‌ನಲ್ಲಿ ರದ್ದು. ಹಾಗಾಗಿ ಅವಳು ದಕ್ಷಿಣಾರ್ಧಗೋಳದ ಜುಲೈ ಚಳಿಯಲ್ಲೇ ಕಳೆ ಕೀಳಿಸಿಕೊಡಬೇಕೆಂದು ಅರ್ಜಿ ಹಾಕಿದಳು. ತಾನೇ ಕೀಳುತ್ತೇನೆ ಎಂದದ್ದಕ್ಕೆ, ಸಾರ್ವಜನಿಕ ಗಿಡ ಕಿತ್ತರೆ ದಂಡವೆಂದು ತಿಳಿಸಲಾಯಿತು.

ಉದ್ಯಾನಾಧಿಕಾರಿ ವಿಲ್ಮಾರ್ ಒಲಿವೇರಾ ಖುದ್ದಾಗಿ ಬಂದರು. ಊರಿನ ಎಲ್ಲರ ಹಾಗೆ ಕಂಕುಳಲ್ಲಿ ಬಿಸಿನೀರಿನ ಥರ್ಮಾಸ್, ಕೈಯಲ್ಲಿ ಮಾಟೆ ಕಷಾಯದ ಬುರುಡೆ.

"ಸ್ವಲ್ಪ ಬಗ್ಗಿ ನೋಡಿ ಸಾಹೇಬ್ರೆ," ಅಂದಳು ಮಿರ್ತಮ್ಮ.

"ಬಗ್ಗಿದ್ರೆ ಥರ್ಮಾಸ್ ಬೀಳತ್ತಲ್ಲಮ್ಮ."

"ಕೆಳಗಿಡಿ ಮತ್ತೆ."

"ಡ್ಯೂಟಿ ಟೈಮಲ್ಲಾ?"

ವರದಿ ಬಂತು: ‘ನಿಂತಿರುವ ಅಧಿಕಾರಿಯ ಎತ್ತರದಿಂದ ಯಾವುದೇ ಕಳೆ ಗೋಚರಿಸಲಿಲ್ಲ.’ ಗಿಡ ಎರಡು ಬೆರಳೆತ್ತರ. ವರದಿಯಲ್ಲಿ ಒಂದಕ್ಷರ ಸುಳ್ಳಿಲ್ಲ.

ಡಿಸೆಂಬರಿನ ಬೇಸಿಗೆಯಲ್ಲಿ ಗಿಡ ಒಣಗಿ ಮುಳ್ಳಷ್ಟೇ ಉಳಿಯಿತು. ಮಿರ್ತಮ್ಮ ಒಂದು ಹಿಡಿ ಆರಿಸಿ ತಂದು ಒಲಿವೇರಾರ ಮೇಜಿನ ಮೇಲೆ ಸುರಿದಳು. ಅವರು ಬೆಚ್ಚಿಬಿದ್ದರು. ನಗರಸಭೆಯ ಆಸ್ತಿ ಅನುಮತಿಯಿಲ್ಲದೆ ಊರೆಲ್ಲ ಓಡಾಡುತ್ತಿದೆ! ಮರುದಿನವೇ ಪ್ರಕಟಣೆ:

‘ಪಾದದಲ್ಲಿ ಮುಳ್ಳು ಸಾಗಿಸುವವರು ಅದನ್ನು ಹುಲ್ಲುಹಾಸಿನಾಚೆಯ ಕೌಂಟರಿನಲ್ಲಿ ಹಿಂತಿರುಗಿಸಿ ರಸೀದಿ ಪಡೆಯತಕ್ಕದ್ದು. ಸಂದಾಯವಾದ ಮುಳ್ಳನ್ನು ಪ್ರತಿದಿನ ಸಂಜೆ ಮೂಲಸ್ಥಳಕ್ಕೆ ಮರಳಿಸಲಾಗುವುದು.’

ಕೌಂಟರು ಮುಟ್ಟಲು ಹುಲ್ಲು ದಾಟಲೇಬೇಕು. ಒಂದು ಮುಳ್ಳು ಹಿಡಿದು ಹೊರಟವರು ಒಂಬತ್ತು ತಲುಪಿಸಿದರು. ಚಿಮಟ ಮಾರುವ ಗುತ್ತಿಗೆ ಒಲಿವೇರಾರ ಭಾವಮೈದುನನಿಗೆ ಸಿಕ್ಕಿತು. ಪೈಪೋಟಿ ನ್ಯಾಯವಾಗಿಯೇ ನಡೆಯಿತು. ಅರ್ಜಿ ಹಾಕಿದವನು ಅವನೊಬ್ಬನೇ.

ಕೌಂಟರಿನ ಸಾಲು ಮಿರ್ತಮ್ಮನ ಗಾಡಿಯವರೆಗೂ ಬೆಳೆಯಿತು. ಒಂಟಿಗಾಲಲ್ಲಿ ನಿಂತವರಿಗೆ ಹಸಿವು ಜಾಸ್ತಿ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರವಾನಗಿ ಉಳಿಯಿತು.

ಬೇಸಿಗೆಯಿಡೀ ಸಾಲು ತುಳಿದ ನೆಲದಲ್ಲಿ ಮುಂದಿನ ಜುಲೈಗೆ ರೊಸೆಟಾ ತೆಳ್ಳಗೆ ಬಂತು. ಮಿರ್ತಮ್ಮ ಮತ್ತೆ ಅರ್ಜಿ ಹಾಕಿದಳು: ಮುಳ್ಳಿಲ್ಲದಿದ್ದರೆ ಸಾಲಿಲ್ಲ, ಬೀಜ ಬಿತ್ತಿಸಿಕೊಡಬೇಕು. ಒಲಿವೇರಾ ಅಂದೇ ಓಡಿಬಂದರು. ಥರ್ಮಾಸನ್ನು ಅಲ್ಲೇ ನಿಂತಿದ್ದ ನನ್ನ ಕೈಗಿತ್ತು, ಮೊಣಕಾಲೂರಿ, ಹುಲ್ಲಿಗೆ ಮೂಗು ತಾಗುವಷ್ಟು ಬಗ್ಗಿದರು.

"ನಿಜ ಕಣಮ್ಮ," ಅಂದರು, "ತೀರಾ ಕಮ್ಮಿ ಇದೆ."

ಇಲ್ಲದ ಕಳೆಯನ್ನು ಬಿತ್ತುವ ಆ ಅರ್ಜಿಗೆ ಊರೆಲ್ಲ ಸಹಿ ಹಾಕಿತು. ನನ್ನದು ಏಳನೆಯ ಸಹಿ. ಸಹಿಗೆ ಸಿಕ್ಕ ಚುರೋ ಬಿಸಿಬಿಸಿಯಾಗಿತ್ತು.