ವಿಯೆನ್ನಾಕ್ಕೆ ನಾವಿಬ್ಬರೇ

ಬೇರೆಯವರ ಮನೆಯಲ್ಲಿ ಇಬ್ಬರೇ ಹೊರಟು ಗುಂಪಾಗುವುದು ಅಪರೂಪಕ್ಕೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿದಾಗಲೆಲ್ಲ ನಡೆಯುತ್ತದೆ. ಕಾರಣ ನಮ್ಮವರ ಬಾಯಿ. ವಿಜಯಪುರದ ಕಡೆಯ ಮನುಷ್ಯ. ಹೊರಗೆ ಹೊರಟಾಗ ಎದುರಿಗೆ ಯಾರೇ ಬರಲಿ, ‘ನೀವೂ ಬರ್ರಲ್ಲ’ ಎನ್ನದೆ ಮುಂದೆ ಹೋದರೆ ಅವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ನಮ್ಮ ಕಡೆ ಅದೊಂದು ಉಪಚಾರದ ಮಾತು. ಕರೆಯುವವರು ಕರೆಯಬೇಕು, ಕರೆಸಿಕೊಂಡವರು ‘ಇರ್ಲಿ, ನೀವು ಹೋಗಿ ಬರ್ರಿ’ ಎನ್ನಬೇಕು. ಪುಣೆಗೆ ಬಂದ ಮೇಲೆ ಈ ಎರಡನೆಯ ಭಾಗವನ್ನು ಎಲ್ಲರೂ ಮರೆತಿದ್ದಾರೆ. ಮದುವೆಯಾದ ಹೊಸತರಲ್ಲಿ ಸಿನಿಮಾಕ್ಕೆ ಹೊರಟವರು ಇಬ್ಬರು, ಕೂತು ನೋಡಿದವರು ಏಳು ಜನ. ನನ್ನ ಪಕ್ಕದ ಕುರ್ಚಿಯಲ್ಲಿ ಇದ್ದದ್ದು ಇವರಲ್ಲ, ಕೆಳಗಿನ ಮನೆಯ ಅಜ್ಜಿ.

ಏಪ್ರಿಲ್ ಮುಗಿಯದ ಅಂಗಡಿ

ಮಗರಪಟ್ಟಾದ ಹತ್ತಿರ ನನ್ನದೊಂದು ಪುಟ್ಟ ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಅಸ್ತರು, ಸೀರೆಯ ಫಾಲು. ದಾರದ ಕಂಪನಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಊರಿನ ಚಿತ್ರವಿತ್ತು. ಏಪ್ರಿಲ್‌ಗೆ ವಿಯೆನ್ನಾ ಬಂತು. ಹಳದಿ ಅರಮನೆ, ಮುಂದೆ ತೋಟ, ತೋಟದ ಬೆಂಚಿನ ಮೇಲೆ ವಯಸ್ಸಾದ ಗಂಡ ಹೆಂಡತಿ. ಅವರ ಸುತ್ತ ಒಂದು ನರಪಿಳ್ಳೆಯೂ ಇಲ್ಲ. ನನಗೆ ಅರಮನೆಗಿಂತ ಆ ಬೆಂಚು ಹಿಡಿಸಿತು. ಹಾಳೆ ತಿರುವಲು ಮನಸ್ಸೇ ಬರಲಿಲ್ಲ.

ದೀಪಾವಳಿ ಬಂದರೂ ನಮ್ಮ ಅಂಗಡಿಯಲ್ಲಿ ಏಪ್ರಿಲ್. ಒಬ್ಬ ಗಿರಾಕಿ ಅದನ್ನೇ ನೋಡಿ ಮಗಳ ನಿಶ್ಚಿತಾರ್ಥದ ವಾರ ಲೆಕ್ಕ ಹಾಕಿ, ಅಲ್ಲಿಂದಲೇ ಗುರೂಜಿಗೆ ಫೋನ್ ಹಚ್ಚಿ, ಮುಹೂರ್ತ ತಪ್ಪು ಕೊಟ್ಟಿದ್ದೀರಿ ಎಂದು ಜಗಳ ತೆಗೆದರು.

ದಿನಾ ಸಂಜೆ ಶಟರ್ ಎಳೆಯಲು ನಮ್ಮವರು ಬರುತ್ತಾರೆ. ಖರಾಡಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವವರಿಗೆ ತಾರೀಖು ತಪ್ಪಿದರೆ ಸಹಿಸದು. ‘ಏನಿದು, ಇನ್ನೂ ಏಪ್ರಿಲ್?’ ಎಂದರು. ಬಾಯಿ ಬಿಟ್ಟು ಹೇಳಿಬಿಟ್ಟೆ: ‘ಬರೂ ಮೇ ತಿಂಗಳಿಗೆ ನಮ್ಮ ಲಗ್ನಾಗಿ ಇಪ್ಪತ್ತೈದು ವರ್ಷ ಆಗ್ತದ್ರೀ. ಇಲ್ಲಿಗೆ ಹೋಗೂಣು. ನಾವಿಬ್ರೇ.’

ನಮ್ಮದು ಕೂಡು ಮನೆ. ಮಗಳು ಮದುವೆಯಾಗಿ ಬೆಳಗಾವಿಯಲ್ಲಿದ್ದಾಳೆ. ಮನೆಯಲ್ಲಿ ಅತ್ತೆ, ಮೈದುನ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು. ಎಲ್ಲರೂ ಒಳ್ಳೆಯವರೇ. ಆದರೆ ಇಷ್ಟು ವರ್ಷಗಳಲ್ಲಿ ನಾವಿಬ್ಬರೇ ಒಂದು ಕಪ್ ಚಹಾ ಕೂತು ಕುಡಿದದ್ದಿಲ್ಲ. ಇವರಿಗೂ ಅದು ತಟ್ಟಿರಬೇಕು. ‘ಹೋಗೂಣು’ ಎಂದರು. ಶಟರ್ ಎಳೆಯುತ್ತ ಸೇರಿಸಿದರು: ‘ಆದ್ರ ಊರು ನೋಡೋ ಹಂಗ ಅದನೋ ಇಲ್ಲೋ, ನಾಲ್ಕು ಮಂದೀನ ಕೇಳೂಣು.’

ಕುಕ್ಕರ್ ಕೊಳ್ಳುವ ಮುಂಚೆ ಮೂರು ಮನೆಗಳಿಗೆ ಹೋಗಿ ಅವರ ಕುಕ್ಕರಿನಲ್ಲಿ ನಮ್ಮ ಬೇಳೆ ಬೇಯಿಸಿ ನೋಡಿದ ಮನುಷ್ಯ ಇವರು.

ಕಾಕಾನ ತೀರ್ಪು

ಮೇಲಿನ ಮನೆಯ ಮರಾಠಿ ಕಾಕಾ ಹಿಂದೊಮ್ಮೆ ಟೂರಿನಲ್ಲಿ ವಿಯೆನ್ನಾ ನೋಡಿ ಬಂದವರು. ಇವರು ಅವರನ್ನು ಕರೆದು ಕೂರಿಸಿ, ಸಾಕ್ಷಿ ವಿಚಾರಿಸುವ ವಕೀಲರ ಹಾಗೆ ಶುರು ಮಾಡಿದರು. ‘ತಿಥೆ ಕಾಯ್ ಆಹೆ?’ ಎಂದರು ಕಾಕಾ, ಅಲ್ಲಿ ಏನಿದೆ ಮಣ್ಣು! ಅರಮನೆಯಂತೆ, ಕಾಲು ನೋಯುತ್ತದಂತೆ. ಸಂಗೀತವಂತೆ, ನಿದ್ದೆ ಬರುತ್ತದಂತೆ. ಚಹಾ ಕೇಳಿದರೆ ಬಿಸಿನೀರಿನ ಜೊತೆ ದಾರ ಕಟ್ಟಿದ ಚೀಲ ಕೊಟ್ಟು, ನೀವೇ ಮಾಡಿಕೊಳ್ಳಿ ಅನ್ನುತ್ತಾರಂತೆ. ಅರ್ಧ ಗಂಟೆ ಆ ಊರಿನ ಮಾನ ಹರಾಜು ಹಾಕಿದರು.

ಹೋಗಲಿ, ಇಷ್ಟು ಬೈದವರು ಹಿಂದೆ ಬೀಳಲಾರರು ಎಂದು ನಾನು ನಿರಾಳವಾಗಿದ್ದೆ. ಕಾಕಾ ಏಳುವಾಗ ಇವರ ಬಾಯಿ ತನ್ನ ಕೆಲಸ ಮಾಡಿತು. ‘ನೀವೂ ಬರ್ರಲ್ಲ ಕಾಕಾ’ ಎಂದು ಮರಾಠಿಯಲ್ಲಿ ಅಂದೇಬಿಟ್ಟರು.

ಕಾಕಾ ಬಾಗಿಲ ಬಳಿ ನಿಂತರು. ಕಣ್ಣು ಮಿನುಗಿತು. ‘ಯೇತೋ ನಾ!’ ಬರ್ತೀನಂತೆ! ‘ಹೆಂಡ್ತೀನೂ ಕರ್ಕೊಂಡು ಬರ್ತೀನಿ. ಹೋದ ಸಲ ಒಬ್ಬನೇ ಹೋಗಿದ್ದೆ, ಅದಕ್ಕೇ ಊರು ಬೇಜಾರಾಗಿದ್ದು.’

ಈ ಮಾತು ಕೇಳಿ ನನಗೆ ಸಿಟ್ಟೂ ಬರಲಿಲ್ಲ ನೋಡಿ. ಅದೇ ತೊಂದರೆ.

ಅತ್ತೆಯ ವಿಚಾರಣೆ

ಅತ್ತೆ ಊರನ್ನು ತೂಗುವ ರೀತಿಯೂ ಹೆಣ್ಣು ಕೊಡುವ ಮನೆಯನ್ನು ತೂಗುವ ರೀತಿಯೂ ಒಂದೇ.

‘ನೀರು ಹೆಂಗವ?’

‘ನಳದ ನೀರೇ ಕುಡೀಬಹುದಂತ, ಅವ್ವಾ’ ಎಂದರು ಇವರು.

‘ಹೊಳಿ ಅದ ಏನು?’

‘ದೊಡ್ಡ ಹೊಳಿ ಅದ.’

‘ಮಂದಿ?’

‘ಸಂಭಾವಿತರಂತ. ಜೋರಾಗಿ ಮಾತಾಡೂದಿಲ್ಲಂತ.’

‘ಹಂಗಾದ್ರ ಮನಿಯೊಳಗ ಏನೋ ಮುಚ್ಚಿಡ್ತಾರ’ ಎಂದರು ಅತ್ತೆ. ಮತ್ತೂ ಕೆದಕಿದರು. ಉತ್ತರ ಸಾಲದೆ ಇವರು ಸೋತು, ‘ಏ ನೀನೇ ಬಂದು ನೋಡಬೇ’ ಎಂದರು.

ಅತ್ತೆ ಎದ್ದು ಹೋಗಿ ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಲು ಮೈದುನನನ್ನು ಕೂಗಿದರು. ಅವನು ಇಳಿಸಿ, ವಿಷಯ ತಿಳಿದು, ‘ಅವ್ವನ್ನ ಅಷ್ಟು ದೂರ ನೋಡ್ಕೊಳ್ಳೋರು ಯಾರು? ಹೆಂಗೂ ಮಕ್ಕಳಿಗೆ ಸೂಟಿ ಅದ, ನಾವೂ ಬರ್ತೀವಿ’ ಎಂದ. ಅವ್ವನನ್ನು ನೋಡಿಕೊಳ್ಳಲು ನಾವಿಬ್ಬರು ಇದ್ದೇವೆ ಎಂಬುದು ಅವನ ಗಮನಕ್ಕೇ ಬರಲಿಲ್ಲ.

ಸಖತ್ ರೊಮ್ಯಾಂಟಿಕ್

ಆ ವಾರ ಒಬ್ಬ ಐಟಿ ಹುಡುಗಿ ಬ್ಲೌಸ್ ಪೀಸಿಗೆ ಬಂದಳು. ಬೆಂಗಳೂರಿನವಳು. ಕ್ಯಾಲೆಂಡರ್ ನೋಡಿ ಕುಣಿದಾಡಿದಳು.

‘ಆಂಟಿ, ವಿಯೆನ್ನಾ! ಹನಿಮೂನ್‌ಗೆ ಹೋಗಿದ್ವಿ. ಸಖತ್ ರೊಮ್ಯಾಂಟಿಕ್! ಸಂಜೆ ಕೈ ಕೈ ಹಿಡ್ಕೊಂಡು ಸುಮ್ನೆ ವಾಕ್ ಮಾಡ್ಬೇಕು ಅಷ್ಟೇ. ನೀವೂ ಹೋಗ್ತಿದೀರಾ? ಅಂಕಲ್ ಜೊತೆ?’

‘ಹೌದು.’

‘ಸೋ ಸ್ವೀಟ್! ನೀವಿಬ್ರೇನಾ?’

‘ಒಂಬತ್ತು ಮಂದಿ’ ಎಂದೆ.

ಪಾಪ, ಆ ಹುಡುಗಿ ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋದಳು.

ಅವಳು ಹೋದ ಮೇಲೆ ನನಗೆ ಅಳು ಬಂತು. ಶಟರ್ ಎಳೆಯಲು ಬಂದ ಇವರು ಗಾಬರಿಯಾಗಿ ಸ್ಟೂಲಿನ ಮೇಲೆ ಕೂತರು. ‘ನಿಮಗ ಬ್ಯಾಡ ಅನ್ನೂದು ಬರೂದಿಲ್ಲ’ ಎಂದೆ. ‘ಎಲ್ಲಾರಿಗೂ ಬರ್ರಿ ಅಂತೀರಿ. ನನಗ ಯಾವಾಗರೆ ಅಂದೀರೇನು, ಬಾ ಅಂತ?’ ಇವರು ಬಹಳ ಹೊತ್ತು ಒಂದು ದಾರದ ಉಂಡೆಯನ್ನು ಬಿಚ್ಚುತ್ತ ಸುತ್ತುತ್ತ ಕೂತರು. ಅದು ಕೊನೆಗೆ ಮಾರುವ ಹಾಗೆ ಉಳಿಯಲಿಲ್ಲ.

ಏಳು ಪಾಸ್‌ಪೋರ್ಟ್

ಟೂರಿನವರ ಆಫೀಸಿಗೆ ಎಲ್ಲರ ಪಾಸ್‌ಪೋರ್ಟ್ ಕೊಡುವ ದಿನ. ಒಂಬತ್ತು ಜನವೂ ಹೋಗಿದ್ದೆವು. ಇವರು ಮೇಜಿನ ಮೇಲೆ ಏಳೇ ಇಟ್ಟರು.

‘ನಮ್ಮಿಬ್ಬರದು ಬ್ಯಾಡ್ರಿ’ ಎಂದರು. ‘ನನಗ ಆಡಿಟ್ ಬಂದದ. ಇವಳಿಗೆ ಲಗ್ನದ ಸೀಜನ್, ಅಂಗಡಿ ಮುಚ್ಚಲಿಕ್ಕೆ ಆಗೂದಿಲ್ಲ.’

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಕಾಲು ತುಳಿದರು. ಅತ್ತೆ ‘ನಾವೂ ಬ್ಯಾಡ’ ಎಂದರು, ಕಾಕಾ ಮುಂದಿನ ವರ್ಷ ನೋಡೋಣ ಎಂದರು. ಇವರು ಒಬ್ಬೊಬ್ಬರನ್ನೂ ಪುಸಲಾಯಿಸಿ ಒಪ್ಪಿಸಿದರು. ಬರ್ರಿ ಅನ್ನುವ ಬಾಯಿ ಆ ದಿನ ಹೋಗ್ರಿ ಅಂದದ್ದೇ ಅಂದದ್ದು.

ಮೆಟ್ಟಿಲು ಇಳಿಯುವಾಗ ನನ್ನ ಕಿವಿಯಲ್ಲಿ ಕೇಳಿದರು: ‘ಖರೇ ಹೇಳು. ನಿನಗ ವಿಯೆನ್ನಾ ನೋಡಬೇಕಾಗಿತ್ತೋ, ನನ್ನ ಜೋಡಿ ಇರಬೇಕಾಗಿತ್ತೋ?’

ನಾನು ಮೂರು ಮಹಡಿ ಇಳಿಯುವ ತನಕ ನಾಚಿಕೊಂಡೆ, ಈ ವಯಸ್ಸಿನಲ್ಲಿ.

ಖಾಲಿ ಮನೆ

ಮೇ ತಿಂಗಳಲ್ಲಿ ಏಳೂ ಮಂದಿ ವಿಮಾನ ಹತ್ತಿದರು. ಮರುದಿನ ಮನೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಇವರು ಎಲ್ಲಿ ಕೂರಬೇಕೆಂದು ತಿಳಿಯದೆ ಅಡುಗೆಮನೆಯಲ್ಲಿ ನನ್ನ ಕಾಲಿಗೆ ತೊಡರುತ್ತ ನಿಂತಿದ್ದರು. ಅಭ್ಯಾಸಬಲದಿಂದ ನಾನು ಏಳು ಕಪ್ ಚಹಾ ಇಟ್ಟಿದ್ದೆ. ಬಾಲ್ಕನಿಯಲ್ಲಿ ಕೂತು ಇಬ್ಬರೂ ಅಷ್ಟನ್ನೂ ಕುಡಿದೆವು. ಇವರು ಸಣ್ಣವರಿದ್ದಾಗ ಈಜು ಕಲಿಯಲು ಹೋಗಿ ಬಾವಿಯಲ್ಲಿ ಚಡ್ಡಿ ಕಳೆದುಕೊಂಡ ಕತೆ ಹೇಳಿದರು. ಇಪ್ಪತ್ತೈದು ವರ್ಷ ಒಟ್ಟಿಗಿದ್ದೂ ನನಗದು ಗೊತ್ತಿರಲಿಲ್ಲ. ಹೇಳಲು ಇವರಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ. ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮೂರನೆಯ ದಿನ ಸಂಜೆ ಅತ್ತೆಯ ವಿಡಿಯೋ ಕಾಲ್ ಬಂತು. ಇಳಕಲ್ ಸೀರೆಯ ಮೇಲೆ ಮೈದುನನ ಕೋಟು ಹಾಕಿಕೊಂಡು, ಅರಮನೆ ತಮ್ಮದೇ ಎಂಬಂತೆ ಮುಂದೆ ನಿಂತಿದ್ದರು.

ಇವರು ಕೇಳಿದರು, ‘ಹೆಂಗದವ್ವಾ ಊರು? ನೋಡೋ ಹಂಗ ಅದ?’

‘ಭಾಳ ಛಲೋ ಅದ. ಆದ್ರ ಇಲ್ಲಿ ನೋಡಿದಲ್ಲೆಲ್ಲಾ ಗಂಡ ಹೆಂಡ್ತಿ ಜೋಡಿ ಜೋಡಿ ಕೂತಾರ. ನೋಡಿ ನಿಮ್ಮಿಬ್ಬರ ನೆನಪು ಬಂತು.’ ಅತ್ತೆಯ ದನಿ ಸಣ್ಣದಾಯಿತು. ‘ಲಗ್ನಾದಾಗಿಂದ ನೀವು ಎಲ್ಲೂ ಹೋಗಿಲ್ಲ. ನಮ್ಮ ಗದ್ದಲದಾಗ ನಿಮ್ಮ ಹರೇ ಹೋತು. ಮುಂದಿನ ವರ್ಷ ನೀವಿಬ್ರೇ ಬರ್ರಿ ಇಲ್ಲಿಗೆ. ಬ್ಯಾರೆ ಯಾರೂ ಬ್ಯಾಡ. ಕೇಳಿದೇನು? ಯಾರನ್ನೂ ಕರೀಬ್ಯಾಡ.’

ನನ್ನ ಕಣ್ಣು ತುಂಬಿ ಬಂತು. ಇವರು ನನ್ನ ಕೈ ಹಿಡಿದುಕೊಂಡರು.

‘ಹೂನವ್ವಾ, ಇಬ್ರೇ ಬರ್ತೀವಿ’ ಎಂದರು.

‘ಬರ್ರಿ ಮತ್ತ’ ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ. ‘ಏನೂ ಚಿಂತೀ ಮಾಡಬ್ಯಾಡ್ರಿ, ನಾ ಇದ್ದೀನಿ. ಎಲ್ಲೆಲ್ಲಿ ಇಬ್ರೇ ಕೂಡ್ರಬೇಕು ಅಂತ ನಿಮ್ಮ ಜೋಡಿ ಬಂದು ನಾನೇ ತೋರಸ್ತೀನಿ.’